ಗೋಡೆಯಾಚೆಗೆ ಹೋಗುವ ಚಿತ್ರ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಳಿಕೆರೆ ಎಂಬ ಊರಿದೆ. ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಗಳ ಮಾಳಿಗೆಯ ಮೇಲೆ, ಹೆಂಚಿನ ಸೂರುಗಳ ಪಕ್ಕದಲ್ಲಿ, ಬೋಗುಣಿಯಂತಹ ಗ್ರಾಹಕ ತಟ್ಟೆಗಳು ಆಗ್ನೇಯದ ಆಕಾಶದತ್ತ ಮುಖಮಾಡಿ ನಿಂತಿರುವುದನ್ನು ಕಾಣಬಹುದು. ಅವು ನೋಡುತ್ತಿರುವುದು ಸಮಭಾಜಕ ವೃತ್ತದ ಮೇಲೆ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು. ಅಷ್ಟು ದೂರದಿಂದ ಯಾವ ತಂತಿಯ ನೆರವೂ ಇಲ್ಲದೆ ಚಿತ್ರವು ಮನೆಯ ಮಾಳಿಗೆಗೆ ಬಂದಿಳಿಯುತ್ತದೆ. ಆದರೆ ಅದೇ ಚಿತ್ರವನ್ನು ಪಡಸಾಲೆಯಿಂದ ಒಳಕೋಣೆಗೆ, ಕೇವಲ ಇಪ್ಪತ್ತು ಅಡಿ ದೂರಕ್ಕೆ, ತಂತಿಯಿಲ್ಲದೆ ಕಳುಹಿಸಲು ಹೊರಟರೆ ಅದು ಒಮ್ಮೊಮ್ಮೆ ನಡುವಿನ ಗೋಡೆಯ ಬಳಿಯೇ ತಡವರಿಸಿ ನಿಲ್ಲುತ್ತದೆ. ಆಕಾಶವನ್ನೇ ದಾಟಿ ಬಂದುದಕ್ಕೆ ಮಣ್ಣಿನ ಗೋಡೆಯೊಂದು ಅಡ್ಡಿಯಾಗುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಬಲ್ಲವನಿಗೆ ನಿಸ್ತಂತು ಚಿತ್ರವಾಹಕವನ್ನು ಮನೆಯಲ್ಲಿ ಅಳವಡಿಸಿ ನಿರ್ವಹಿಸುವುದು ಕಷ್ಟವಲ್ಲ.

ನಿಸ್ತಂತು ಚಿತ್ರವಾಹಕವೆಂದರೆ ಎರಡು ಚಿಕ್ಕ ಪೆಟ್ಟಿಗೆಗಳ ಜೋಡಿ. ಅಂಗಡಿಗಳಲ್ಲಿ ಅದನ್ನು ವೈರ್‌ಲೆಸ್ ವಿಡಿಯೊ ಎಕ್ಸ್‌ಟೆಂಡರ್ ಎಂದು ಕರೆಯುತ್ತಾರೆ. ಒಂದು ಪೆಟ್ಟಿಗೆ ಪ್ರೇಷಕ. ಅದನ್ನು ಪಡಸಾಲೆಯಲ್ಲಿರುವ ಸೆಟ್‌ಟಾಪ್ ಪೆಟ್ಟಿಗೆಗೆ ಜೋಡಿಸುತ್ತಾರೆ. ಇನ್ನೊಂದು ಗ್ರಾಹಕ, ಅದನ್ನು ಒಳಕೋಣೆಯ ದೂರದರ್ಶನ ಯಂತ್ರಕ್ಕೆ ಜೋಡಿಸುತ್ತಾರೆ. ಪ್ರೇಷಕವು ಚಿತ್ರವನ್ನೂ ಧ್ವನಿಯನ್ನೂ ವಿದ್ಯುತ್ಕಾಂತ ಅಲೆಗಳ ಮೇಲೇರಿಸಿ ಕಳುಹಿಸುತ್ತದೆ. ಗ್ರಾಹಕವು ಅವನ್ನು ಅಲೆಗಳಿಂದ ಬಿಡಿಸಿ ತೆರೆಗೆ ಒಪ್ಪಿಸುತ್ತದೆ. ಕಾಲು ಜಾರಿ ಬಿದ್ದು ಹಾಸಿಗೆ ಹಿಡಿದ ಹಿರಿಯರು ಒಳಕೋಣೆಯಲ್ಲಿದ್ದಾಗ, ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತು ದಸರೆಯ ಜಂಬೂ ಸವಾರಿಯನ್ನು ನೋಡುತ್ತಿರುವಾಗ, ಈ ಪುಟ್ಟ ಸಾಧನದ ಬೆಲೆ ಅರಿವಾಗುತ್ತದೆ. ಮನೆಯ ಸಂತೋಷದಿಂದ ಒಬ್ಬರು ದೂರವಾಗದಂತೆ ಅದು ನೋಡಿಕೊಳ್ಳುತ್ತದೆ.

ತಂತಿಯಿಲ್ಲದೆ ಸಂದೇಶವನ್ನು ಕಳುಹಿಸುವ ವಿದ್ಯೆ ಭಾರತಕ್ಕೆ ಹೊಸದಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಜನರ ಸಮ್ಮುಖದಲ್ಲಿ ಇಂತಹ ಅಲೆಗಳಿಂದಲೇ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ಮೈಸೂರಿಗಂತೂ ಈ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರೇಷಕವನ್ನಿರಿಸಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಇದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ಧ್ವನಿಯ ಹಿಂದೆ ಚಿತ್ರವೂ ಬಂದಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಉಪಗ್ರಹವೊಂದರಿಂದ ನೇರವಾಗಿ ಚಿತ್ರವನ್ನು ಪಡೆದವು. ಕರ್ನಾಟಕದ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದವು. ಅನಂತರ ಭಾರತವು ತನ್ನದೇ ಉಪಗ್ರಹಗಳನ್ನು ಹೊಂದಿತು. ಬಿಳಿಕೆರೆಯ ಬಳಿ ಕವಲೊಡೆದು ಕೃಷ್ಣರಾಜನಗರ, ಹೊಳೆನರಸೀಪುರಗಳ ಮಾರ್ಗವಾಗಿ ಸಾಗುವ ಹೆದ್ದಾರಿ ಹಾಸನವನ್ನು ಮುಟ್ಟುತ್ತದೆ. ಅಂತಹ ಉಪಗ್ರಹಗಳನ್ನು ಅವುಗಳ ನೆಲೆಯಲ್ಲಿ ಕಾಯ್ದು ನಿಲ್ಲಿಸುವ ಮುಖ್ಯ ನಿಯಂತ್ರಣ ಕೇಂದ್ರವು 1982ರಲ್ಲಿ ಸ್ಥಾಪನೆಯಾದುದು ಆ ಹಾಸನದಲ್ಲಿಯೇ. ಹೀಗೆ ಚಿತ್ರವನ್ನು ಮನೆಯ ಬಾಗಿಲವರೆಗೆ ತರುವ ಕಾರ್ಯವನ್ನು ವಿಜ್ಞಾನಿಗಳು ಪೂರೈಸಿದ್ದಾರೆ. ಬಾಗಿಲಿನಿಂದ ಒಳಕ್ಕೆ ಒಯ್ಯುವ ಕಾರ್ಯ ಮನೆಯವರದು.

ಈಗ ಗೋಡೆಯ ಪ್ರಶ್ನೆಗೆ ಬರಬಹುದು. ಉಪಗ್ರಹದಿಂದ ಬರುವ ಅಲೆಗೆ ದಾರಿಯಲ್ಲಿ ಎದುರಾಗುವುದು ಬಹುಪಾಲು ಬರಿಯ ಬಯಲು. ಮಾಳಿಗೆಯ ತಟ್ಟೆಯು ತನ್ನ ಮೇಲೆ ಬಿದ್ದ ಅಲೆಗಳನ್ನೆಲ್ಲ ಒಂದು ಬಿಂದುವಿನಲ್ಲಿ ಕೂಡಿಸುವುದರಿಂದ ಕ್ಷೀಣವಾದ ಅಲೆಯೂ ಸಾಕಾಗುತ್ತದೆ. ತಟ್ಟೆಯ ಮುಂದೆ ತೆಂಗಿನ ಮರವೊಂದು ಬೆಳೆದರೆ, ಇಲ್ಲವೆ ದಟ್ಟವಾದ ಮಳೆ ಸುರಿದರೆ, ಆ ಚಿತ್ರವೂ ಕೆಡುತ್ತದೆ. ಮನೆಯೊಳಗಿನ ಪ್ರೇಷಕದ ಸ್ಥಿತಿ ಬೇರೆ. ಅದರ ಶಕ್ತಿ ಸಾಮಾನ್ಯವಾಗಿ ಒಂದು ವಾಟಿಗಿಂತಲೂ ಕಡಿಮೆ. ಅದರ ದಾರಿಯಲ್ಲಿ ಗೋಡೆ, ಕಬ್ಬಿಣದ ಬೀರು, ನೀರಿನ ತೊಟ್ಟಿ, ಕಣಜ ಎಲ್ಲವೂ ಇವೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದುಂಟು. ದೂರವಾಣಿಯ ಮಾತನ್ನು ಅಂಕಿಗಳ ರೂಪದಲ್ಲಿ ಕಳುಹಿಸಲು ಸೆಕೆಂಡಿಗೆ 64,000 ಅಂಕಿಗಳು ಸಾಕು. ಚಿತ್ರದ ಲೆಕ್ಕವೇ ಬೇರೆ. ಇಂದಿನ ಸಾಮಾನ್ಯ ತೆರೆಯೊಂದರಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080 ಚುಕ್ಕಿಗಳಿರುತ್ತವೆ. ಅಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಒಂದೊಂದು ಚುಕ್ಕಿಯ ಬಣ್ಣವನ್ನು ಹೇಳಲು 24 ಅಂಕಿಗಳು ಬೇಕು. ಸೆಕೆಂಡಿಗೆ 60 ಚಿತ್ರಗಳಂತೆ ಗುಣಿಸಿದರೆ ಮೊತ್ತ ಸುಮಾರು 300 ಕೋಟಿಯಾಗುತ್ತದೆ. ಇದು ದೂರವಾಣಿಯ ಮಾತಿಗಿಂತ 46,000 ಪಟ್ಟಿಗೂ ಹೆಚ್ಚು. ಇಷ್ಟು ಹೊರೆಯನ್ನು ಹೊರಲು ಅಗಲವಾದ ದಾರಿ ಬೇಕು. ಅಗಲವಾದ ದಾರಿಗಳು ದೊರೆಯುವುದು ಹೆಚ್ಚಿನ ಆವೃತ್ತಿಯ, ಅಂದರೆ ಕಿರಿದಾದ ಅಲೆಗಳಲ್ಲಿ. ಬಾನುಲಿಯ ಮಧ್ಯಮ ತರಂಗಗಳ ಉದ್ದ ನೂರಾರು ಮೀಟರ್. ಅವು ಗುಡ್ಡವನ್ನೂ ಬಳಸಿ ಹೋಗಬಲ್ಲವು. ಚಿತ್ರವಾಹಕದ ಅಲೆಯ ಉದ್ದವಾದರೋ ಕೆಲವೇ ಸೆಂಟಿಮೀಟರ್. ಅಲೆ ಕಿರಿದಾದಂತೆ ಅದು ಬೆಳಕಿನ ಗುಣವನ್ನು ಹೋಲುತ್ತ, ಅಡ್ಡಬಂದ ವಸ್ತುವಿನ ಹಿಂದೆ ನೆರಳನ್ನು ಬಿಡುತ್ತದೆ.

ಮುನ್ನೂರು ಕೋಟಿ ಅಂಕಿಗಳನ್ನು ಹಾಗೆಯೇ ಕಳುಹಿಸುವುದು ಕಷ್ಟವಾದುದರಿಂದ ಹೆಚ್ಚಿನ ಚಿತ್ರವಾಹಕಗಳು ಅವುಗಳನ್ನು ಅಡಕಗೊಳಿಸುತ್ತವೆ. ಪ್ರತಿ ವರ್ಷ ಪಹಣಿಯನ್ನು ಮೊದಲಿನಿಂದ ಬರೆಯುವ ಬದಲು ಬದಲಾದ ಕಲಮುಗಳನ್ನಷ್ಟೇ ತಿದ್ದುವಂತೆ, ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಅವು ಕಳುಹಿಸುತ್ತವೆ. ಹೀಗೆ ಅಡಕಿಸುವುದಕ್ಕೂ ಬಿಡಿಸುವುದಕ್ಕೂ ಕೊಂಚ ಕಾಲ ಹಿಡಿಯುತ್ತದೆ. ಆದುದರಿಂದಲೇ ಕ್ರಿಕೆಟ್ ಪಂದ್ಯದ ದಿನ ಪಡಸಾಲೆಯಲ್ಲಿ ಚಪ್ಪಾಳೆ ಕೇಳಿದ ಅನಂತರ ಒಳಕೋಣೆಯ ತೆರೆಯಲ್ಲಿ ವಿಕೆಟ್ ಬೀಳುವುದುಂಟು. ಇದು ಯಂತ್ರದ ದೋಷವಲ್ಲ, ಅದರ ಸ್ವಭಾವ.

ಈ ತತ್ತ್ವಗಳನ್ನು ಅರಿತ ಮೇಲೆ ಅಳವಡಿಸುವ ಕ್ರಮ ತಾನಾಗಿ ಸ್ಪಷ್ಟವಾಗುತ್ತದೆ. ಮೊದಲು ಎರಡು ಪೆಟ್ಟಿಗೆಗಳನ್ನೂ ಒಂದೇ ಕೋಣೆಯಲ್ಲಿ, ಒಂದು ಮಾರು ಅಂತರದಲ್ಲಿಟ್ಟು ಪರೀಕ್ಷಿಸಬೇಕು. ಅಲ್ಲಿಯೂ ಚಿತ್ರ ಮೂಡದಿದ್ದರೆ ಕೊರತೆ ಜೋಡಣೆಯಲ್ಲಿದೆ; ಗೋಡೆಯನ್ನು ದೂರಿ ಪ್ರಯೋಜನವಿಲ್ಲ. ಚಿತ್ರ ಮೂಡಿದ ಅನಂತರ ಗ್ರಾಹಕವನ್ನು ಹಂತಹಂತವಾಗಿ ಒಳಕ್ಕೆ ಒಯ್ಯಬೇಕು. ಎಲ್ಲಿ ಚಿತ್ರ ಕೆಟ್ಟಿತೋ ಅಲ್ಲಿಯೇ ಅಡ್ಡಿಯಿದೆ ಎಂದು ತಿಳಿಯಬಹುದು.

ಪೆಟ್ಟಿಗೆಗಳನ್ನಿಡುವ ಜಾಗವನ್ನು ವಿವೇಚನೆಯಿಂದ ಆರಿಸಬೇಕು. ಲೋಹವು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಅದನ್ನು ಹೀರುತ್ತದೆ. ಆದ್ದರಿಂದ ಕಬ್ಬಿಣದ ಬೀರುವಿನ ಹಿಂದೆ, ನಿಲುವುಗನ್ನಡಿಯ ಬಳಿ, ನೀರಿನ ಡ್ರಮ್ಮಿನ ಪಕ್ಕದಲ್ಲಿ ಅವುಗಳನ್ನಿಡಬಾರದು. ಮಳೆಗಾಲದಲ್ಲಿ ತೇವಗೊಂಡ ಮಣ್ಣಿನ ಗೋಡೆ ಬೇಸಗೆಯ ಒಣಗೋಡೆಗಿಂತ ಹೆಚ್ಚಿನ ಅಡ್ಡಿಯಾಗುತ್ತದೆ. ಅಲೆಯು ಗೋಡೆಯನ್ನು ನೇರವಾಗಿ ದಾಟುವಂತೆ ನೋಡಿಕೊಳ್ಳುವುದೂ ಅವಶ್ಯಕ. ಒಂದೂವರೆ ಅಡಿ ದಪ್ಪದ ಗೋಡೆಯನ್ನು 60 ಅಂಶಗಳಷ್ಟು ಓರೆಯಾಗಿ ದಾಟುವ ಅಲೆಗೆ ಅದು ಮೂರು ಅಡಿ ದಪ್ಪದ ಗೋಡೆಯಾಗುತ್ತದೆ. ತೆರೆದ ಬಾಗಿಲೊಂದು ನಡುವೆ ಇದ್ದರೆ ಆ ನೇರಕ್ಕೆ ಪೆಟ್ಟಿಗೆಗಳನ್ನು ಇರಿಸುವುದೇ ಲೇಸು.

ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾದವು. ಸೊಪ್ಪನ್ನು ಹದಗೊಳಿಸುವ ದಿನಗಳಲ್ಲಿ ರೈತರು ಬ್ಯಾರನ್‌ನ ಬೆಂಕಿಯನ್ನು ಕಾಯುತ್ತ ರಾತ್ರಿ ಎಚ್ಚರವಿರಬೇಕಾಗುತ್ತದೆ. ಮನೆಯಿಂದ ನೂರು ಅಡಿ ದೂರದ ಚಪ್ಪರಕ್ಕೆ ಚಿತ್ರವನ್ನು ಒಯ್ಯುವುದು ಅಸಾಧ್ಯವೆಂದು ತೋರಬಹುದು. ಆದರೆ ಕಿಟಕಿಯಲ್ಲಿಟ್ಟ ಪ್ರೇಷಕಕ್ಕೂ ಚಪ್ಪರಕ್ಕೂ ನಡುವೆ ಬಯಲಿದ್ದರೆ, ಎರಡು ದಪ್ಪಗೋಡೆಗಳ ಆಚೆಗಿರುವ ಇಪ್ಪತ್ತು ಅಡಿ ದೂರದ ಕೋಣೆಗಿಂತ ಚಪ್ಪರವನ್ನು ಮುಟ್ಟುವುದೇ ಸುಲಭವಾಗಬಹುದು. ನಡುವೆ ತಗಡಿನ ಮರೆಯೊಂದು ಬಂದರೆ ಮಾತ್ರ ಆ ಅನುಕೂಲ ಅಳಿಯುತ್ತದೆ. ಅಲೆಗೆ ಅಡಿಗಳ ಲೆಕ್ಕಕ್ಕಿಂತ ಅಡ್ಡಿಗಳ ಲೆಕ್ಕ ಮುಖ್ಯ.

ಎಲ್ಲವೂ ಸರಿಯಿದ್ದರೂ ಚಿತ್ರ ಮುರಿದು ಮುರಿದು ಬಂದರೆ ಗ್ರಾಹಕವನ್ನು ಒಂದೆರಡು ಅಂಗುಲ ಸರಿಸಿ ನೋಡಬೇಕು. ಗೋಡೆಗಳಿಂದ ಪ್ರತಿಫಲಿಸಿದ ಅಲೆಗಳು ನೇರವಾಗಿ ಬಂದ ಅಲೆಯೊಡನೆ ಕೂಡಿದಾಗ ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ಪರಸ್ಪರ ಅಳಿಸಿಹೋಗುತ್ತವೆ. 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಯ ಉದ್ದ 12.5 ಸೆಂಟಿಮೀಟರ್. ಬಲವಾದ ಎಡೆಗೂ ದುರ್ಬಲವಾದ ಎಡೆಗೂ ಇರುವ ಅಂತರ ಅನೇಕ ವೇಳೆ ಕೆಲವು ಸೆಂಟಿಮೀಟರ್ ಮಾತ್ರ.

ಇನ್ನು ಆವೃತ್ತಿಯ ಆಯ್ಕೆ. ಅನೇಕ ಸಾಧನಗಳು 2.4 ಅಥವಾ 5 ಗಿಗಾಹರ್ಟ್ಸ್ ಸುಮಾರಿನ ಅಲೆಗಳನ್ನು ಬಳಸುತ್ತವೆ. ಮೊದಲನೆಯದು ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಆದರೆ ಆ ದಾರಿಯಲ್ಲಿ ಸಂದಣಿ ಹೆಚ್ಚು. ವೈಫೈ, ಬ್ಲೂಟೂತ್‌ಗಳೂ ಅಲ್ಲಿಯೇ ಸಂಚರಿಸುತ್ತವೆ. ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಯೂ ಅಲ್ಲಿಯೇ ತೊಡಕನ್ನುಂಟುಮಾಡುತ್ತದೆ. ಎರಡನೆಯದರಲ್ಲಿ ಸಂದಣಿ ಕಡಿಮೆ, ದಾರಿ ಅಗಲ. ಆದರೆ ಗೋಡೆಗೆ ಅದು ಬೇಗ ಸೋಲುತ್ತದೆ. ಮನೆಯನ್ನು ನೋಡಿ ಆರಿಸಬೇಕಲ್ಲದೆ ಬೆಲೆಯನ್ನು ನೋಡಿ ಅಲ್ಲ.

ಈ ಅಲೆಗಳ ಹಾದಿ ಯಾರೊಬ್ಬರ ಸ್ವತ್ತೂ ಅಲ್ಲ. 1933ರ ನಿಸ್ತಂತು ಕಾಯಿದೆಯಂತೆ ಪರವಾನಗಿಯಿಲ್ಲದೆ ಇಂತಹ ಯಂತ್ರವನ್ನು ಹೊಂದುವುದೇ ಅಪರಾಧವಾಗಿತ್ತು. ಸರಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ 2018ರಲ್ಲಿ 5 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಗಳನ್ನೂ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿಯ ಹಂಗಿಲ್ಲದೆ ತೆರೆದಿಟ್ಟಿತು. ಆದರೆ ಅದಕ್ಕೆ ಕಟ್ಟುಪಾಡುಗಳಿವೆ. ಅನ್ಯರಿಗೆ ಅಡ್ಡಿಪಡಿಸಬಾರದು, ಅನ್ಯರಿಂದ ಅಡ್ಡಿಯಾದರೆ ರಕ್ಷಣೆಯನ್ನು ಕೋರುವಂತಿಲ್ಲ, ಎಲ್ಲರೂ ಹಂಚಿಕೊಂಡು ಬಳಸಬೇಕು. ಊರ ಕೆರೆಯ ನೀರಿಗೂ ಇದೇ ನ್ಯಾಯ. ಒಬ್ಬನು ತನ್ನ ಗದ್ದೆಗೆ ತೂಬನ್ನೆಲ್ಲ ತಿರುಗಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ಹಾಗೆಯೇ ಅಧಿಕ ಶಕ್ತಿಯ ಪ್ರೇಷಕವನ್ನಿಟ್ಟು ತನ್ನ ಚಿತ್ರವನ್ನು ತಿಳಿಯಾಗಿಸಿಕೊಂಡವನು ನೆರೆಮನೆಯ ವಿದ್ಯಾರ್ಥಿಯ ಪಾಠವನ್ನು ಕೆಡಿಸಬಹುದು. ಚಿತ್ರ ಕೆಟ್ಟಾಗ ಶಕ್ತಿಯನ್ನು ಹೆಚ್ಚಿಸುವ ಬದಲು ಬಿಡುವಾಗಿರುವ ಬೇರೊಂದು ಮಾರ್ಗಕ್ಕೆ ಸರಿಯುವುದೇ ಸಭ್ಯತೆ.

ಗೋಡೆಯನ್ನು ದಾಟುವ ಅಲೆ ಬೇಲಿಯನ್ನೂ ದಾಟುತ್ತದೆ ಎಂಬುದನ್ನು ಮರೆಯಬಾರದು. ಸಾಧನಕ್ಕೆ ಗುಪ್ತಪದವಿದ್ದರೆ ಕಾರ್ಖಾನೆಯವರು ಇಟ್ಟುದನ್ನು ಬದಲಿಸಬೇಕು. ಪೆಟ್ಟಿಗೆಗಳು ಬಿಸಿಯಾಗುವುದರಿಂದ ಅವುಗಳ ಮೇಲೆ ಬಟ್ಟೆ ಹೊದಿಸದೆ ಗಾಳಿಯಾಡಲು ಬಿಡಬೇಕು. ಮುಂಗಾರಿಗೆ ಮುನ್ನ ಗುಡುಗು ಸಿಡಿಲುಗಳು ಎದ್ದಾಗ ವಿದ್ಯುತ್ತಿನ ಸಂಪರ್ಕವನ್ನೂ ತಟ್ಟೆಯಿಂದ ಇಳಿದ ಕೇಬಲನ್ನೂ ಮುಂಚಿತವಾಗಿಯೇ ಕಳಚುವುದು ಕ್ಷೇಮ. ಚಿತ್ರ ನಿಸ್ತಂತುವಾದರೂ ಯಂತ್ರಗಳು ತಂತಿಯಿಂದಲೇ ಬದುಕುತ್ತವೆ. ಒಂದೇ ಸೆಟ್‌ಟಾಪ್ ಪೆಟ್ಟಿಗೆಯಿಂದ ಎರಡು ತೆರೆಗಳಿಗೆ ಹೋಗುವುದು ಒಂದೇ ಚಿತ್ರ. ಒಳಕೋಣೆಯಲ್ಲಿ ವಾಹಿನಿಯನ್ನು ಬದಲಿಸಿದರೆ ಪಡಸಾಲೆಯಲ್ಲಿಯೂ ಬದಲಾಗುತ್ತದೆ. ಯಾವ ಹೊತ್ತು ಯಾರ ಇಚ್ಛೆಗೆ ಮೀಸಲು, ಮಕ್ಕಳ ಓದಿನ ವೇಳೆ ಯಾವುದು ಎಂಬುದನ್ನು ಮನೆಯವರು ಮೊದಲೇ ಮಾತನಾಡಿಕೊಂಡಿರಬೇಕು. ಈ ಒಪ್ಪಂದವನ್ನು ಯಾವ ಯಂತ್ರವೂ ಮಾಡಿಕೊಡಲಾರದು.

ಕೆಲವು ಮನೆಗಳಲ್ಲಿ ಎಷ್ಟು ಪ್ರಯತ್ನಿಸಿದರೂ ಅಲೆ ಗೋಡೆಯನ್ನು ದಾಟದೆ ಹೋಗಬಹುದು. ದಪ್ಪನೆಯ ಕಲ್ಲುಗೋಡೆಯ ಮನೆಯಲ್ಲಿ, ಕಬ್ಬಿಣದ ಸರಳುಗಳು ತುಂಬಿದ ಕಾಂಕ್ರೀಟಿನ ಮನೆಯಲ್ಲಿ ಉದ್ದನೆಯ ತಂತಿಯೊಂದೇ ಉತ್ತಮ ಉಪಾಯವಾದೀತು. ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಒಳಕೋಣೆಯ ಹಿರಿಯರಿಗೆ ಬೇಕಾದುದು ಚಿತ್ರ. ಅದು ಅಲೆಯ ಮೇಲೆ ಬಂದಿತೋ ತಂತಿಯೊಳಗೆ ಬಂದಿತೋ ಎಂಬುದಲ್ಲ. ಎಲ್ಲಿ ಅಲೆ ಸಾಕು, ಎಲ್ಲಿ ತಂತಿ ಬೇಕು ಎಂಬುದನ್ನು ಕಾರಣಸಹಿತವಾಗಿ ತಿಳಿದವನೇ ಯಂತ್ರಕ್ಕೆ ನಿಜವಾದ ಒಡೆಯ.