ಸೈಕ್ಲೋನ್ ಮಳೆಯಲ್ಲಿ ಎರಡನೇ ಭಾನುವಾರ

2022ರ ಡಿಸೆಂಬರ್ 11, ತಿಂಗಳ ಎರಡನೇ ಭಾನುವಾರ. ಮಾಂಡೌಸ್ ಚಂಡಮಾರುತ ಶುಕ್ರವಾರ ನಡುರಾತ್ರಿಯ ಹೊತ್ತಿಗೆ ಮಹಾಬಲಿಪುರದ ಬಳಿ ದಡ ಹತ್ತಿತ್ತು. ಅದರ ಬಾಲ ಬೆಂಗಳೂರಿನ ಮೇಲೆ ಬಿದ್ದು, ಸೂರ್ಯನ ಮುಖ ಕಂಡು ದಿನಗಳಾಗಿದ್ದವು. ಬಿಟ್ಟೂ ಬಿಡದ ಸೋನೆ, ಮಧ್ಯೆ ಮಧ್ಯೆ ಮೈ ನಡುಗಿಸುವ ಗಾಳಿ. ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಹೊರಟವನನ್ನು ಮನೆಯಲ್ಲಿ ಕೇಳಿದರು: ‘ಈ ಮಳೇಲಿ ಯಾವ ಹಕ್ಕಿ ನಿಮಗೋಸ್ಕರ ಕೂತಿರತ್ತೆ?’

ಕೇಳಬೇಕಾದ ಪ್ರಶ್ನೆಯೇ. ಮಳೆಯಲ್ಲಿ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ, ಏನು ಮಾಡುತ್ತವೆ? ಬಿಸಿಲಿನ ದಿನಗಳಲ್ಲಿ ಮಾತ್ರ ಹಕ್ಕಿ ನೋಡುವವರಿಗೆ ಇದು ಕೊನೆಗೂ ಗೊತ್ತಾಗುವುದಿಲ್ಲ.

ಎರಡನೇ ಭಾನುವಾರ ಎಂದರೆ ಬೆಂಗಳೂರಿನ ಪಕ್ಷಿವೀಕ್ಷಕರಿಗೆ ಲಾಲ್‌ಬಾಗ್ ಎಂದೇ ಅರ್ಥ. ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಆಫ್ ಬ್ಯಾಂಗಲೋರ್ ಹಾಕಿಕೊಟ್ಟ ರೂಢಿ ಇದು. ಕಳೆದ ಶತಮಾನದ ಎಪ್ಪತ್ತರ ದಶಕದ ಆರಂಭದಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಕೆಲವು ಆಸಕ್ತರು ಸೇರಿ ಕಟ್ಟಿದ ಬಳಗ. ಗಾಜಿನ ಮನೆಯ ಹತ್ತಿರ ಬೆಳಿಗ್ಗೆ ಸೇರುವುದು, ಜೊತೆಯಾಗಿ ನಡೆಯುವುದು, ಕಂಡದ್ದನ್ನು ಬರೆದಿಡುವುದು. ಯಾರು ಬೇಕಾದರೂ ಬರಬಹುದು. ಹೀಗೆ ವರ್ಷಗಟ್ಟಲೆ ಬರೆದಿಟ್ಟದ್ದರ ಫಲವಾಗಿ 1994ರಲ್ಲಿ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿ ಪುಸ್ತಕವಾಗಿ ಬಂತು. ಅದಕ್ಕೂ ಮೊದಲೇ ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನವನ್ನು ಸುತ್ತಿ ಇಲ್ಲಿನ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ಸಮೀಕ್ಷೆ ಒಂದು ಸಲ ಮುಗಿಯುವ ಕೆಲಸ. ತಿಂಗಳು ತಿಂಗಳೂ ಅದೇ ತೋಟಕ್ಕೆ ಹೋಗುವುದು ಬೇರೆಯೇ ಬಗೆಯ ಕೆಲಸ. ಅದರ ಬೆಲೆ ನಮ್ಮಲ್ಲಿ ಇನ್ನೂ ಸರಿಯಾಗಿ ಅರ್ಥವಾಗಿಲ್ಲ ಎಂದೇ ನನ್ನ ಭಾವನೆ.

ಅಂದು ಸೇರಿದವರು ಬೆರಳೆಣಿಕೆಯಷ್ಟು. ವಾಯುವಿಹಾರಕ್ಕೆ ಬರುವವರ ಗುಂಪೂ ಇಲ್ಲ. ಹೈದರ್ ಅಲಿ 1760ರಲ್ಲಿ ಶುರು ಮಾಡಿದ, ಇಂದು 240 ಎಕರೆಗೆ ಹಬ್ಬಿರುವ ತೋಟ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ದಿನವೂ ಗಂಟಲು ಹರಿಯುವಂತೆ ಕೂಗುವ ಕುಟ್ರನ ಸದ್ದೇ ಇಲ್ಲ. ಪೊಟರೆಯಲ್ಲಿ ಮಲಗುವ ಹಕ್ಕಿ ಅದು, ಹೊರಗೆ ಬರುವ ಅವಸರವಿಲ್ಲ. ಹಾಲಕ್ಕಿಗಳೂ ತಮ್ಮ ಪೊಟರೆಯಿಂದ ಇಣುಕಲಿಲ್ಲ.

ಅರಾಕೇರಿಯಾ ಮರದ ತುದಿಯಲ್ಲಿ ಐದು ಹದ್ದುಗಳು ಕೂತಿದ್ದವು. ಐದರ ಕೊಕ್ಕೂ ಒಂದೇ ದಿಕ್ಕಿಗೆ, ಗಾಳಿ ಬರುವ ಕಡೆಗೆ. ಗಾಳಿಗೆ ಬೆನ್ನು ಕೊಟ್ಟರೆ ಗರಿ ಎದ್ದು ನೀರು ಒಳಗೆ ಇಳಿಯುತ್ತದೆ. ಎದುರಾಗಿ ಕೂತರೆ ಗಾಳಿಯೇ ಗರಿಯನ್ನು ಮೈಗೆ ಒತ್ತಿ ಹಿಡಿಯುತ್ತದೆ. ಗಾಳಿ ಬೀಸಿದಾಗೆಲ್ಲ ಕೊಂಬೆ ತೂಗುತ್ತಿತ್ತು, ಹದ್ದುಗಳು ಮಾತ್ರ ಮಿಸುಕಲಿಲ್ಲ. ಹಕ್ಕಿ ಕಾಲು ಮಡಿಸಿ ಕೂತರೆ ಕಾಲಿನ ಹಿಂಬದಿಯ ಸ್ನಾಯುರಜ್ಜು ಬಿಗಿದುಕೊಂಡು ಬೆರಳುಗಳು ತಾವಾಗಿಯೇ ಕೊಂಬೆಯನ್ನು ಕಚ್ಚಿಕೊಳ್ಳುತ್ತವೆ ಎಂಬ ವಿವರಣೆಯೊಂದಿದೆ.

ಕೆರೆಯ ಹತ್ತಿರ ದೃಶ್ಯವೇ ಬದಲಾಯಿತು. ಉತ್ತರದಿಂದ ಚಳಿಗಾಲಕ್ಕೆ ಬರುವ ಕವಲುತೋಕೆಗಳು ಎಂದಿನಂತೆ ಆಕಾಶದಲ್ಲಿರದೆ ನೀರಿನಿಂದ ಗೇಣೆತ್ತರದಲ್ಲಿ ಹಾರುತ್ತಿದ್ದವು. ಥಂಡಿ ಹೆಚ್ಚಾದಾಗ ಹುಳುಗಳು ಮೇಲಕ್ಕೇರುವುದಿಲ್ಲ. ಹುಳು ಇರುವಲ್ಲಿಗೆ ಹಕ್ಕಿಯೂ ಇಳಿದು ಬರುತ್ತದೆ. ಬಿಸಿಲಿನಲ್ಲಿ ಕತ್ತು ನೋಯುವಷ್ಟು ಮೇಲೆ ನೋಡಿದರೂ ಚುಕ್ಕಿಯಂತೆ ಕಾಣುವ ಹಕ್ಕಿಯ ಕೆಂಗಂದು ಗಂಟಲು, ಬೆನ್ನಿನ ನೀಲಿ ಹೊಳಪು ಅಂದು ಬರಿಗಣ್ಣಿಗೇ ಕಂಡಿತು. ಪಕ್ಕದ ಒಣಕೊಂಬೆಯಲ್ಲಿ ಹಾವಕ್ಕಿಯೊಂದು ರೆಕ್ಕೆ ಮಡಚಿ ಕೂತಿತ್ತು. ಮುಳುಗಿ ಮೀನು ಹಿಡಿಯುವ ಈ ಹಕ್ಕಿಯ ಗರಿ ನೀರು ಹೀರುತ್ತದೆ. ಆಮೇಲೆ ರೆಕ್ಕೆ ಬಿಚ್ಚಿ ಒಣಗಿಸಲೇಬೇಕು. ಬಿಸಿಲಿಲ್ಲದ ದಿನ ಅದಕ್ಕೆ ನಿಜಕ್ಕೂ ಕಷ್ಟದ ದಿನ.

ಮಳೆ ಸ್ವಲ್ಪ ತಗ್ಗಿದಾಗ ಪೊದೆಯೊಂದರಲ್ಲಿ ಬೆಳ್ಗಣ್ಣಗಳ ಗುಂಪು ಕಾಣಿಸಿತು. ಕಣ್ಣಿನ ಸುತ್ತ ಸುಣ್ಣದ ಉಂಗುರವಿರುವ ಪುಟ್ಟ ಹಳದಿ ಹಕ್ಕಿಗಳು. ಒಂದು ಹಕ್ಕಿ ನೀರು ನಿಂತ ಎಲೆಯ ಮೇಲೆ ಹೊಟ್ಟೆ ಊರಿ ಜಾರಿತು, ಎದ್ದು ಮೈ ಕೊಡವಿತು, ಪಕ್ಕದ ಎಲೆಗೆ ಹಾರಿ ಮತ್ತೆ ಜಾರಿತು. ಮಳೆಯಿಂದ ಅಡಗಿ ಕೂತಿವೆ ಎಂದು ನಾವು ಅಂದುಕೊಂಡಿದ್ದ ಹಕ್ಕಿಗಳು ಎಲೆಯ ನೀರಿನಲ್ಲೇ ಸ್ನಾನ ಮಾಡುತ್ತಿದ್ದವು! ಅಲ್ಲೇ ಮೇಲಿನ ಕೊಂಬೆಗಳಲ್ಲಿ ಹಸಿರು ಉಲಿಯಕ್ಕಿಯ ‘ಚಿಸ್‌ವೀ’ ಕೇಳುತ್ತಿತ್ತು. ಎಂಟು ಗ್ರಾಂ ತೂಗುವ ಈ ಜೀವ ಹಿಮಾಲಯ, ಮಧ್ಯ ಏಷ್ಯಾದಂಥ ದೂರದ ಕಾಡುಗಳಿಂದ ಬಂದು ಇಲ್ಲಿ ತನಗೆಂದು ಒಂದಿಷ್ಟು ಮರಗಳ ಸರಹದ್ದು ಹಾಕಿಕೊಳ್ಳುತ್ತದೆ. ಚಳಿಗಾಲ ಮುಗಿಯುವವರೆಗೂ ಅದನ್ನು ಕಾಯುತ್ತದೆ. ಸೈಕ್ಲೋನ್ ಬಂತೆಂದು ಅದು ಗಡಿ ಬಿಟ್ಟುಕೊಟ್ಟಿರಲಿಲ್ಲ.

ಬಿರುಗಾಳಿ ಎಲ್ಲ ಹಕ್ಕಿಗಳಿಗೂ ಇಷ್ಟು ಕರುಣೆ ತೋರುವುದಿಲ್ಲ. ಮುಂಗಾರಿನ ಅಬ್ಬರದಲ್ಲಿ ನಡುಗಡಲಿನ ಬೂಬಿಯಂಥ ಹಕ್ಕಿಗಳು ನಮ್ಮ ಕರಾವಳಿಯ ದಡಕ್ಕೆ ಬಂದು ಬೀಳುತ್ತವೆ. ವಲಸೆಯ ಕಾಲದಲ್ಲಿ ದಾರಿ ತಪ್ಪಿದ, ಬಸವಳಿದ ನವರಂಗ ಹಕ್ಕಿ ಊರಿನ ಮನೆಗಳ ಅಂಗಳದಲ್ಲಿ ಸಿಗುವುದುಂಟು. ಹಾಗೆ ಸಿಕ್ಕಿದರೆ ಬಾಯಿಗೆ ನೀರು ಹುಯ್ಯಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ವನ್ಯಜೀವಿ ರಕ್ಷಕರಿಗೆ ತಿಳಿಸಿ.

ಮಳೆಯಲ್ಲಿ ಹಕ್ಕಿ ನೋಡುವವರು ಮೊದಲು ತಮ್ಮ ತಲೆ ಕಾಪಾಡಿಕೊಳ್ಳಬೇಕು. ಸೋನೆ ಬೇರೆ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬೇರೆ. ಮಿಂಚು ಕಂಡರೆ, ಕೊಂಬೆ ಮುರಿಯುವಂಥ ಗಾಳಿ ಎದ್ದರೆ ಮರದಡಿ ನಿಲ್ಲಬಾರದು, ಬಂಡೆಯ ನೆತ್ತಿಯಲ್ಲೂ ಇರಬಾರದು. ಯಾವ ಹಕ್ಕಿಯೂ ಅಷ್ಟು ಬೆಲೆ ಬಾಳುವುದಿಲ್ಲ. ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ಹತ್ತಿಯ ಮೆತ್ತನೆ ಬಟ್ಟೆಯೊಂದು ಜೇಬಿನಲ್ಲಿರಲಿ. ಟಿಪ್ಪಣಿಗೆ ಪೆನ್ನಿಗಿಂತ ಪೆನ್ಸಿಲ್ ವಾಸಿ.

ಅಂದಿನ ನಮ್ಮ ಪಟ್ಟಿ ಚಿಕ್ಕದು, ಇಪ್ಪತ್ತೆಂಟು ಜಾತಿ. ಒಳ್ಳೆಯ ಬಿಸಿಲಿನ ಡಿಸೆಂಬರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಸಿಗುತ್ತದೆ. ಆದರೂ ಆ ಪಟ್ಟಿಯನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ–ಬರ್ಡ್‌ಗೆ ಹಾಕಿದೆವು, ಕುಟ್ರ ಇರಲಿಲ್ಲ ಎಂಬುದೂ ಸೇರಿ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಹಕ್ಕಿಗಳು ಬಿರುಮಳೆಯನ್ನು ಹೇಗೆ ಎದುರಿಸುತ್ತವೆ ಎಂದು ತಿಳಿಯಬೇಕಾದರೆ ಬಿರುಮಳೆಯ ದಿನದ ಲೆಕ್ಕವೇ ಬೇಕು. ಅಂಥ ಲೆಕ್ಕ ಬರೆಯುವವರು ಮಾತ್ರ ತೀರಾ ಕಡಿಮೆ.

ಮುಂದಿನ ಎರಡನೇ ಭಾನುವಾರ ಮೋಡ ಕವಿದಿದ್ದರೂ ಒಂದು ಕೊಡೆ ಹಿಡಿದು ಗಾಜಿನ ಮನೆಯ ಹತ್ತಿರ ಬನ್ನಿ. ದುರ್ಬೀನು ಇಲ್ಲದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿರುವವರು ಕೊಡುತ್ತಾರೆ.