ನರ್ಸ್‌ ಒಬ್ಬರೇ, ರೋಗಿಗಳೆಷ್ಟು? ಪುರಾವೆ ಓದೋದು ಹೀಗೆ

ನರ್ಸ್‌ಗಳು ‘ಸಿಬ್ಬಂದಿ ಹೆಚ್ಚಿಸಿ’ ಅಂದಾಗ ‘ಪುರಾವೆ ಎಲ್ಲಿದೆ?’ ಅನ್ನೋರಿದ್ದಾರೆ. ಪುರಾವೆ ಇದೆ. ಅದನ್ನು ಓದಲು ನಾಲ್ಕು ಪದ ಗೊತ್ತಿದ್ದರೆ ಸಾಕು ಅಂತ ನನಗನಿಸುತ್ತೆ.

ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಬಗ್ಗೆ ಲಿಂಡಾ ಐಕನ್ ತಂಡ 2002ರಲ್ಲಿ ಅಧ್ಯಯನ ಪ್ರಕಟಿಸಿತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಇಲ್ಲಿ ‘ಸ್ವತಂತ್ರ ಚರ’, ಅಂದ್ರೆ ಕಾರಣ ಇರಬಹುದೆಂದು ಪರೀಕ್ಷಿಸುವ ಅಂಶ. ಶಸ್ತ್ರಚಿಕಿತ್ಸೆಗೆ ದಾಖಲಾದವರು 30 ದಿನದೊಳಗೆ ತೀರಿಕೊಳ್ಳುವುದು ‘ಅವಲಂಬಿತ ಚರ’, ಅಂದ್ರೆ ಪರಿಣಾಮ. ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಸಾವಿನ ಸಂಭವ ಶೇ. 7ರಷ್ಟು ಹೆಚ್ಚಿತ್ತು.

ಅಲ್ಲಿದ್ದವರು ವಯಸ್ಸಾದ ರೋಗಿಗಳೇ ಆಗಿದ್ದರೆ? ಹೀಗೆ ಲೆಕ್ಕದ ದಾರಿ ತಪ್ಪಿಸುವ ಅಂಶವೇ ‘ಕನ್‌ಫೌಂಡರ್’. ವಯಸ್ಸು, ಕಾಯಿಲೆ, ಆಸ್ಪತ್ರೆಯ ಗಾತ್ರದ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲೂ ಆ ಶೇ. 7 ಉಳಿದಿತ್ತು.

ಆದರೂ ಇದು ನಂಟು ಅಷ್ಟೇ. ಕಾರಣದ ವಾದಕ್ಕೆ ಬಲ ಬರಲು ‘ಹೋಲಿಕೆ ಗುಂಪು’ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸರ್ಕಾರ 2016ರಲ್ಲಿ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳೆಂದು ಕಾನೂನಿನ ಮಿತಿ ತಂದಿತು. ಮಿತಿ ಅನ್ವಯಿಸಿದ 27 ಆಸ್ಪತ್ರೆಗಳಲ್ಲಿ ಸಾವಿನ ಸಂಭವ ಇಳಿಯಿತು, ಹೋಲಿಕೆಗಿದ್ದ 28ರಲ್ಲಿ ಇಳಿಯಲಿಲ್ಲ.

ಇನ್ನು ಯಾರಾದರೂ ಪುರಾವೆ ಕೇಳಿದರೆ ತೋರಿಸೋಣ. ತೋರಿಸಿ, ನಮ್ಮ ವಾರ್ಡುಗಳಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಅಂತ ಲೆಕ್ಕ ಕೇಳೋಣ.