ಬ್ರಿಟನ್‌ನ ಬಾಡಿಗೆ ಮನೆಯಲ್ಲಿ ಚಳಿಗಾಲದ ಗ್ಯಾಸ್ ಬಿಲ್: ಇಳಿಸುವುದು ಹೇಗೆ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಬೆಳೆದವರಿಗೆ ಮನೆ ಬಿಸಿ ಮಾಡಲು ದುಡ್ಡು ಕೊಡಬೇಕು ಎಂದರೆ ನಗು ಬರಬಹುದು. ನಮ್ಮಲ್ಲಿ ಬಿಲ್ ಏರುವುದು ಸೆಕೆಗಾಲದಲ್ಲಿ, ಫ್ಯಾನ್ ಮತ್ತು ಎಸಿಯಿಂದ. ಆದರೆ ಓದಲಿಕ್ಕೋ ಕೆಲಸಕ್ಕೋ ಬ್ರಿಟನ್‌ಗೆ ಹೋಗಿ ಬಾಡಿಗೆ ಮನೆ ಹಿಡಿದ ನಮ್ಮ ಹುಡುಗರಿಗೆ ನವೆಂಬರ್ ಬಂತೆಂದರೆ ಹೊಸ ಪಾಠ ಶುರು. ಕೆಲವರು ಹೀಟಿಂಗ್ ಇಡೀ ದಿನ ಆನ್ ಇಟ್ಟು, ಬಿಲ್ ನೋಡಿ ತಲೆಗೆ ಕೈಯಿಡುತ್ತಾರೆ. ಇನ್ನು ಕೆಲವರು ಪೂರ್ತಿ ಬಂದ್ ಮಾಡಿ, ಗೋಡೆಗೆ ಬೂಷ್ಟು ಹಿಡಿಸಿಕೊಂಡು, ಜಾಕೆಟ್ ಹಾಕಿಯೇ ಮಲಗುತ್ತಾರೆ. ಎರಡೂ ಬೇಡ. ಒಂದು ಪೌಂಡ್ ಖರ್ಚಿಲ್ಲದೆ ಬಾಡಿಗೆದಾರರೇ ಮಾಡಬಹುದಾದ ಕೆಲಸಗಳು ಸಾಕಷ್ಟಿವೆ.

ಮೊದಲು ಮೀಟರ್ ಓದಲು ಕಲಿಯಿರಿ

ಮನೆಗೆ ಹೋದ ದಿನವೇ ಗ್ಯಾಸ್ ಮೀಟರಿನ ಫೋಟೋ ತೆಗೆದಿಡಿ. ಇಲ್ಲದಿದ್ದರೆ ಹಿಂದಿನವರು ಉರಿಸಿದ ಗ್ಯಾಸಿನ ಲೆಕ್ಕವೂ ನಿಮ್ಮ ತಲೆಗೆ ಬರಬಹುದು. ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಗ್ಯಾಸ್ ಬಳಸದಿದ್ದರೂ ಕೊಡಬೇಕಾದ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಒಂದು, ಬಳಸಿದ ಕಿಲೋವ್ಯಾಟ್ ಅವರ್ ಲೆಕ್ಕದ ಹಣ ಇನ್ನೊಂದು. ಮೀಟರ್ ಘನ ಮೀಟರ್ ತೋರಿಸುತ್ತಿದ್ದರೆ ಸುಮಾರು 11ರಿಂದ ಗುಣಿಸಿ. ಉದಾಹರಣೆಗೆ, ವಾರಕ್ಕೆ 20 ಘನ ಮೀಟರ್ ಉರಿದರೆ 220 ಯೂನಿಟ್. ಯೂನಿಟ್‌ಗೆ 6 ಪೆನ್ಸ್ ಅಂತ ಹಿಡಿದರೆ 13 ಪೌಂಡ್ 20 ಪೆನ್ಸ್. ಪ್ರತಿ ಭಾನುವಾರ ರೀಡಿಂಗ್ ಬರೆದಿಟ್ಟರೆ ಯಾವ ಬದಲಾವಣೆಯಿಂದ ಎಷ್ಟು ಉಳಿಯಿತು ಎಂದು ನಿಮಗೇ ಗೊತ್ತಾಗುತ್ತದೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ದರಕ್ಕೆ ಮಿತಿ ಹಾಕುತ್ತದೆ. ಆ ಮಿತಿ ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜ್‌ಗೆ ಮಾತ್ರ. ಹೆಚ್ಚು ಉರಿಸಿದರೆ ಬಿಲ್ ಹೆಚ್ಚೇ ಬರುತ್ತದೆ.

ಬಾಯ್ಲರಿನ ಎರಡು ಗುಂಡಿಗಳು

ಹೆಚ್ಚಿನ ಫ್ಲ್ಯಾಟ್‌ಗಳಲ್ಲಿ ಇರುವುದು ಕಾಂಬಿ ಬಾಯ್ಲರ್. ಅದರಲ್ಲಿ ನಲ್ಲಿಯ ಚಿತ್ರ ಇರುವುದು ಬಿಸಿನೀರಿಗೆ, ರೇಡಿಯೇಟರ್ ಚಿತ್ರ ಇರುವುದು ಕೋಣೆ ಬಿಸಿ ಮಾಡುವ ನೀರಿಗೆ. ಈ ಎರಡನೆಯದು ಎಷ್ಟೋ ಮನೆಗಳಲ್ಲಿ 70–80 ಡಿಗ್ರಿಯಲ್ಲಿರುತ್ತದೆ. ಅದನ್ನು 60ಕ್ಕೆ ಇಳಿಸಿ ನೋಡಿ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ಹೊಗೆಯ ಜೊತೆ ಹೊರಗೆ ಹೋಗುವ ಶಾಖವನ್ನೂ ಹಿಡಿದು ಬಳಸುತ್ತವೆ. ರೇಡಿಯೇಟರ್‌ಗಳಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕಡಿಮೆ ಇದ್ದರೆ ಮಾತ್ರ ಈ ಕೆಲಸ ಸರಿಯಾಗಿ ಆಗುತ್ತದೆ. ಕೋಣೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ. ಮನೆಯಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಇದ್ದರೆ ಮಾತ್ರ ಕೇಳದೆ ಇಳಿಸಬೇಡಿ. ಅದರೊಳಗಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು.

ಥರ್ಮೋಸ್ಟಾಟ್ ಬಗ್ಗೆ ತಪ್ಪು ತಿಳುವಳಿಕೆ

25ಕ್ಕೆ ತಿರುಗಿಸಿದರೆ ಮನೆ ಬೇಗ ಬಿಸಿಯಾಗುತ್ತದೆ ಅಂತ ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ಎಲ್ಲಿ ನಿಲ್ಲಬೇಕು ಎಂದು ಹೇಳುವುದಷ್ಟೇ ಅದರ ಕೆಲಸ. ಹೆಚ್ಚಿನವರಿಗೆ 18ರಿಂದ 20 ಡಿಗ್ರಿ ಸಾಕು. ಸಣ್ಣ ಮಕ್ಕಳು, ಪ್ರಾಯದವರು, ಕಾಯಿಲೆಯವರು ಇದ್ದರೆ ಅದಕ್ಕಿಂತ ಕೆಳಗೆ ಇಳಿಸಬೇಡಿ. ಒಳಗೆ ಹೆಚ್ಚು ಬಿಸಿ ಇದ್ದಷ್ಟೂ ಗೋಡೆ, ಕಿಟಕಿಯಿಂದ ಶಾಖ ಬೇಗ ಸೋರುತ್ತದೆ. ಹಾಗಾಗಿ ಇಡೀ ದಿನ ಆನ್ ಇಡುವುದಕ್ಕಿಂತ, ಟೈಮರ್ ಹಾಕಿ ಏಳುವ ಮೊದಲು ಅರ್ಧ ಗಂಟೆ ಮತ್ತು ಸಂಜೆ ಮನೆಯಲ್ಲಿರುವಾಗ ಉರಿಸುವುದು ಸಾಮಾನ್ಯವಾಗಿ ಅಗ್ಗ.

ರೇಡಿಯೇಟರಿನ ಬದಿಯಲ್ಲಿ 1ರಿಂದ 5ರವರೆಗೆ ನಂಬರ್ ಇರುವ ವಾಲ್ವ್ ಇದ್ದರೆ, ಇರುವ ಕೋಣೆಯಲ್ಲಿ 3, ಖಾಲಿ ಕೋಣೆಯಲ್ಲಿ 1 ಇಡಿ. ಸೋಫಾ, ಮಂಚವನ್ನು ರೇಡಿಯೇಟರ್‌ಗೆ ಒತ್ತಿ ಇಡಬೇಡಿ. ಕತ್ತಲಾದ ಕೂಡಲೇ ದಪ್ಪ ಪರದೆ ಎಳೆಯಿರಿ, ಬಾಗಿಲಿನ ಕೆಳಗಿನ ಸಂದಿಗೆ ಬಟ್ಟೆ ಸುತ್ತಿ ಇಡಿ. ಎಲೆಕ್ಟ್ರಿಕ್ ಹೀಟರ್ ತಂದರೆ ಉಳಿತಾಯ ಎಂದುಕೊಳ್ಳಬೇಡಿ. ಅಲ್ಲಿ ಕರೆಂಟಿನ ಯೂನಿಟ್ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದುಬಾರಿ. ಒಂದೇ ಕೋಣೆಗೆ, ಸ್ವಲ್ಪ ಹೊತ್ತಿಗಾದರೆ ಸರಿ.

ಮನೆ ಮಾಲಕರ ಜವಾಬ್ದಾರಿ

ಹೀಟಿಂಗ್ ಕೆಟ್ಟರೆ ರಿಪೇರಿ ಮಾಡಿಸಬೇಕಾದವರು ಮಾಲಕರು. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ನೋಂದಣಿಯ ಇಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಿ ಅದರ ಪ್ರತಿ ನಿಮಗೆ ಕೊಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಡಿಗೆ ಮನೆಯ ಇಂಧನ ದರ್ಜೆ, ಕೆಲವು ವಿನಾಯಿತಿ ಬಿಟ್ಟರೆ, ಕನಿಷ್ಠ 'ಇ' ಇರಬೇಕು. ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ಕಂಪೆನಿ ಬದಲಿಸುವ ಹಕ್ಕು ನಿಮ್ಮದು. ಮಾಲಕರೇ ಗ್ಯಾಸಿಗೆ ಪ್ರತ್ಯೇಕ ಹಣ ವಸೂಲಿ ಮಾಡುವುದಾದರೆ ತಾವು ಕೊಟ್ಟ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಿಲ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಎಲ್ಲವನ್ನೂ ಈಮೇಲ್‌ನಲ್ಲಿ ಬರೆದು ಕೇಳಿ.

ಉಳಿತಾಯ ಇಲ್ಲಿ ಬೇಡ

ಗಾಳಿ ಬರುವ ವೆಂಟ್‌ಗೆ ಎಂದೂ ಬಟ್ಟೆ ತುರುಕಬೇಡಿ. ಅಡುಗೆ, ಸ್ನಾನ ಆದ ಮೇಲೆ ಸ್ವಲ್ಪ ಹೊತ್ತು ಕಿಟಕಿ ತೆರೆಯಿರಿ. ಇಲ್ಲದಿದ್ದರೆ ಪಸೆ ನಿಂತು ಬೂಷ್ಟು ಬರುತ್ತದೆ. ಚಳಿಗೆಂದು ಗ್ಯಾಸ್ ಒಲೆ ಉರಿಸಿ ಸುತ್ತ ಕೂರುವುದು, ಒಳಗೆ ಇದ್ದಿಲು ಉರಿಸುವುದು ಜೀವಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗಾಗಿ, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ಬರೀ ಶೀತ ಎಂದುಕೊಳ್ಳಬೇಡಿ. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡ್‌ನಲ್ಲಿ ಬಾಯ್ಲರ್ ಇರುವ ಕೋಣೆಯಲ್ಲಿ ಇದರ ಅಲಾರಂ ಹಾಕಿಸುವುದು ಮಾಲಕರಿಗೆ ಕಡ್ಡಾಯ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು ಹೊರಗೆ ಬನ್ನಿ. ನಂತರ 0800 111 999ಕ್ಕೆ ಕರೆ ಮಾಡಿ. ಇದು 24 ಗಂಟೆಯೂ ಇರುವ ಉಚಿತ ತುರ್ತು ನಂಬರ್.

ಊರಿನಲ್ಲಿ ಉಪ್ಪ, ಉಮ್ಮ ಸಾಲ ಮಾಡಿ ಕಳುಹಿಸಿದ ದುಡ್ಡು ಅದು. ಸುಮ್ಮನೆ ಉರಿದು ಹೋಗಬಾರದು, ನಿಜ. ಅದನ್ನು ಉಳಿಸಲು ಹೋಗಿ ಆರೋಗ್ಯ ಕಳಕೊಳ್ಳುವುದೂ ಬೇಡ. ಇವತ್ತು ಸಂಜೆ ಎರಡು ಕೆಲಸ ಮಾಡಿ: ಮೀಟರ್ ಫೋಟೋ ತೆಗೆಯಿರಿ, ಅಲಾರಂ ಬಟನ್ ಒತ್ತಿ ಸದ್ದು ಬರುತ್ತದೆಯೇ ನೋಡಿ. ಉಳಿದದ್ದು ನಾಳೆಯಿಂದ.